ಗಂಡಸರಿಗೂ ಒಂದು ಬಾಗಿಲು ಬೇಕು

ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ ಅಷ್ಟೇ, ಫೋನ್ ಬಂತು. "ಸಾರ್, ಹೊಸಕೋಟೆ ಹತ್ರ ಅನುಗೊಂಡನಹಳ್ಳಿಯಿಂದ ಮಾತಾಡ್ತಾ ಇದೀನಿ. ಹೆಸರು ಕೇಳಬೇಡಿ. ಈ ಐದು ಲಕ್ಷದ ಆರೋಗ್ಯ ಕಾರ್ಡ್‌ನಲ್ಲಿ ಗಂಡಸರ ಸಮಸ್ಯೆಗೆ ಏನಾದ್ರೂ ಇದೆಯಾ?"

ಯಾವ ಸಮಸ್ಯೆ ಅಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದರು. ವಯಸ್ಸು ನಲವತ್ತೆರಡು. ಹೆಂಡತಿ ಜೊತೆ ಸೇರೋಕೆ ಆಗ್ತಿಲ್ಲ. ಗೋಡೆ ಮೇಲೆ 'ಗುಪ್ತ ರೋಗ' ಅಂತ ಬರೆದಿದ್ದ ನಂಬರಿಗೆ ಫೋನ್ ಮಾಡಿ, ಎರಡು ವರ್ಷ ಪುಡಿ, ಲೇಹ್ಯ ತಿಂದಿದ್ದಾರೆ. ಕೊನೆಗೆ ಕಾಲಿನ ಗಾಯ ಮಾಯಲಿಲ್ಲ ಅಂತ ಆಸ್ಪತ್ರೆಗೆ ಹೋದಾಗ ಗೊತ್ತಾಯಿತು, ಅದು ಸಕ್ಕರೆ ಕಾಯಿಲೆ!

ನೋಡಿ, ಇದು ನಾಚಿಕೆ ಪಡುವ ವಿಷಯವೇ ಅಲ್ಲ. ಸಕ್ಕರೆ, ಬಿಪಿ ಹದ ತಪ್ಪಿದರೆ ನರಗಳು, ರಕ್ತನಾಳಗಳು ಕೆಡುತ್ತವೆ. ಎಷ್ಟೋ ಸಲ ಹೃದಯಕ್ಕೆ ಪೆಟ್ಟು ಬೀಳುವ ವರ್ಷಗಳ ಮುಂಚೆಯೇ ದೇಹ ಎಚ್ಚರಿಕೆ ಕೊಡೋದು ಇಲ್ಲಿ. ಆ ಎಚ್ಚರಿಕೆಯನ್ನ ಡಾಕ್ಟರ್ ಬದಲು ಗೋಡೆ ಬರಹದವನ ಹತ್ತಿರ ಹೇಳಿಕೊಂಡರೆ? ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡೋದನ್ನ 1954ರ ಕಾನೂನೇ ನಿಷೇಧಿಸಿದೆ. ಆದರೂ ಗೋಡೆಗಳು ಖಾಲಿ ಇಲ್ಲ.

ಇನ್ನು ಕಾರ್ಡ್ ವಿಷಯ. ಆಯುಷ್ಮಾನ್ ಭಾರತ್ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ಹೊರರೋಗಿಯಾಗಿ ತೋರಿಸಿಕೊಳ್ಳೋದು, ಬಂಜೆತನದ ಚಿಕಿತ್ಸೆ ಅದರಲ್ಲಿ ಬರೋದಿಲ್ಲ. ಅಂದರೆ ಹಾರ್ಟ್ ಅಟ್ಯಾಕ್ ಆದಮೇಲೆ ಲಕ್ಷಗಟ್ಟಲೆ ಕೊಡ್ತೀವಿ, ಅದರ ಮುನ್ಸೂಚನೆ ಕೇಳಿಸಿಕೊಳ್ಳೋಕೆ ಹತ್ತು ನಿಮಿಷ ಕೊಡಲ್ಲ!

ಹಾಗಂತ ಸರ್ಕಾರದಲ್ಲಿ ಏನೂ ಇಲ್ಲ ಅಂತಲ್ಲ. ಮೂವತ್ತು ದಾಟಿದವರಿಗೆ ಸಕ್ಕರೆ, ಬಿಪಿ ತಪಾಸಣೆ ಉಚಿತ. ಎಚ್‌ಐವಿ ಪರೀಕ್ಷೆ ಉಚಿತ. ಲೈಂಗಿಕ ಸೋಂಕಿಗೆ ಸುರಕ್ಷಾ ಕ್ಲಿನಿಕ್ ಇದೆ. ಆದರೆ ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಒಬ್ಬ ಹೆಣ್ಣುಮಗಳು. ಅವರ ಹತ್ತಿರ ಇಂಥದ್ದನ್ನ ಯಾವ ಗಂಡಸು ಹೇಳಿಕೊಳ್ತಾನೆ?

ಗಂಡಸರ ಈ ಹಿಂಜರಿಕೆಗೆ ಒಂದು ಇತಿಹಾಸವೂ ಇದೆ. ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನ 1930ರಲ್ಲೇ ತೆರೆದ ನಾಡು ನಮ್ಮ ಮೈಸೂರು. ಆದರೆ ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆಯ್ತು. ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತವಾಗಿ. ಆ ಭಯ ಇನ್ನೂ ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ? ಸೊನ್ನೆಗೆ ಸಮ. ಗಂಡಸರದ್ದು ಕತ್ತರಿ, ಹೊಲಿಗೆ ಇಲ್ಲದ ಕೆಲವೇ ನಿಮಿಷದ ಕೆಲಸ. ಅವತ್ತೇ ಮನೆಗೆ ಹೋಗಬಹುದು.

"ತೆರಿಗೆ ದುಡ್ಡಲ್ಲಿ ಗಂಡಸರ ಸುಖಕ್ಕೆ ಮಾತ್ರೆ ಕೊಡಬೇಕಾ?" ಅಂತ ನೀವು ಕೇಳಬಹುದು. ನಾನು ಕೇಳ್ತಿರೋದು ಮಾತ್ರೆ ಅಲ್ಲ, ತಪಾಸಣೆ. ಹೆಂಗಸರ ಪಾಲು ಕಿತ್ತುಕೊಳ್ಳಿ ಅಂತಲೂ ಅಲ್ಲ. ಗಂಡನ ಸೋಂಕಿಗೆ ಚಿಕಿತ್ಸೆ ಆಗದಿದ್ದರೆ ಹೆಂಡತಿಗೆ ಕೊಟ್ಟ ಔಷಧಿಯೂ ದಂಡ. ಮಕ್ಕಳಾಗಲಿಲ್ಲ ಅಂತ ಅವಳನ್ನ ಗುಡಿ ಗುಡಿ ಸುತ್ತಿಸುವ ಮುಂಚೆ ಅವನ ವೀರ್ಯ ಪರೀಕ್ಷೆ ಮಾಡಿಸಿದರೆ ಆ ತಾಯಿಗೆ ಎಷ್ಟೋ ಅವಮಾನ ತಪ್ಪುತ್ತೆ.

ಹೋಬಳಿಗೊಂದು ಕಡೆ, ವಾರಕ್ಕೊಂದು ಸಂಜೆ, ಕೂಲಿ ಮುಗಿಸಿ ಬರುವ ಹೊತ್ತಿಗೆ, ಪುರುಷ ಸಿಬ್ಬಂದಿ ಇರುವ ಒಂದು ಮುಚ್ಚಿದ ಕೋಣೆ. ಒಂದು ಸಕ್ಕರೆ ಪರೀಕ್ಷೆ, ಒಂದು ಬಿಪಿ, ನಾಲ್ಕು ಮಾತು. ಇದಕ್ಕೆ ಕೋಟಿಗಟ್ಟಲೆ ಕಟ್ಟಡ ಬೇಕಿಲ್ಲ.

ಅನುಗೊಂಡನಹಳ್ಳಿಯ ಆ ಅಣ್ಣ ಫೋನ್ ಇಡುವ ಮುಂಚೆ ಹೇಳಿದ್ದು ಇಷ್ಟೇ: "ಸಾರ್, ಇದನ್ನ ನಾನು ಮೊದಲ ಸಲ ಒಬ್ಬರ ಹತ್ರ ಬಾಯಿಬಿಟ್ಟು ಹೇಳಿದ್ದು." ಅದನ್ನ ಅವರು ಹೇಳಬೇಕಾಗಿದ್ದು ಟಿವಿಯವನ ಹತ್ತಿರ ಅಲ್ಲ, ಡಾಕ್ಟರ ಹತ್ತಿರ. ಎರಡು ವರ್ಷದ ಹಿಂದೆ.