ಸದಾಶಿವ ಪೇಠದಲ್ಲಿ ಒಂಟಿ ಸುತ್ತಾಟ

ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾವಿ, ಮಿರಜ್, ಸಾತಾರಾ ನಿದ್ದೆಯಲ್ಲೇ ದಾಟಿ ಹೋಗುತ್ತವೆ. ಪುಣೆ ನಿಲ್ದಾಣದಿಂದ ಮೆಟ್ರೊ ಹಿಡಿದು, ಡಿಸ್ಟ್ರಿಕ್ಟ್ ಕೋರ್ಟ್‌ನಲ್ಲಿ ಬದಲಿಸಿ, ಮಂಡೈಯಲ್ಲಿ ಇಳಿದರೆ ಮುಂದಿನದೆಲ್ಲ ಕಾಲ್ನಡಿಗೆ. ಜೊತೆಗಾರರಿಲ್ಲದಿದ್ದರೇ ಒಳ್ಳೆಯದು, ಸದಾಶಿವ ಪೇಠದ ಗಲ್ಲಿಗಳಲ್ಲಿ ಇಬ್ಬರು ಅಕ್ಕಪಕ್ಕ ನಡೆಯಲು ಸ್ಕೂಟರಿನವರು ಬಿಡುವುದಿಲ್ಲ.

ಪೇಠದ ಹೆಸರು ಮರಾಠಾ ಸೇನಾನಿ ಸದಾಶಿವರಾವ್ ಭಾವೂನದು. 1760ರಲ್ಲಿ ನಮ್ಮ ಬೀದರಿನ ನೆರೆಯ ಉದಗೀರಿನಲ್ಲಿ ನಿಜಾಮನನ್ನು ಸೋಲಿಸಿದವನು, ಮರುವರ್ಷ ಪಾಣಿಪತ್‌ನಲ್ಲಿ ಮಡಿದ. ಬಾಜೀರಾವ್ ರಸ್ತೆಯ ವಿಶ್ರಾಮಬಾಗ್ ವಾಡೆಯ ಮುಂದೆ ನಿಂತು ತೇಗದ ಕೆತ್ತನೆಯ ಮುಂಭಾಗ ನೋಡಬೇಕು. ಪೇಶ್ವೆ ಎರಡನೆಯ ಬಾಜೀರಾಯ ಕಟ್ಟಿಸಿ ವಾಸವಿದ್ದ ಮನೆ ಇದು. 1818ರಲ್ಲಿ ರಾಜ್ಯ ಹೋಯಿತು. 1821ರಲ್ಲಿ ಇಲ್ಲೇ ಸಂಸ್ಕೃತ ಪಾಠಶಾಲೆ ತೆರೆಯಿತು, ಅದೇ ಬೆಳೆದು ಡೆಕ್ಕನ್ ಕಾಲೇಜಾಯಿತು. ಅಕ್ಕಪಕ್ಕದ ಎಷ್ಟೋ ವಾಡೆಗಳು ಈಗ ಅಪಾರ್ಟ್‌ಮೆಂಟುಗಳು.

ನಾನು ಹೆಚ್ಚು ಹೊತ್ತು ಕಳೆದದ್ದು ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ. ಇತಿಹಾಸಕಾರ ವಿ. ಕಾ. ರಾಜವಾಡೆ 1910ರಲ್ಲಿ ಸ್ಥಾಪಿಸಿದ ಸಂಸ್ಥೆ. ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದಗಳ ರಾಶಿಯೇ ಇಲ್ಲಿದೆ. ಬೆಳಗಾವಿ, ಧಾರವಾಡದ ದೇಸಾಯರ ಮನೆಗಳ ಹಳೆಯ ಪತ್ರಗಳೂ ಎಷ್ಟೋ ಮೋಡಿಯಲ್ಲೇ ಇವೆ. ಆ ಕಡೆಯಿಂದ ಇಲ್ಲಿಗೆ ಬಂದವನಿಗೆ ಪರಸ್ಥಳ ಅನ್ನಿಸುವುದು ಕಷ್ಟ. ಪುಣೆಯಲ್ಲಿ ಓದಿದ ಕನ್ನಡದ ಸಂಶೋಧಕ ಶಂಬಾ ಜೋಶಿಯವರು ಮಹಾರಾಷ್ಟ್ರದ ಸಂಸ್ಕೃತಿಯ ಕನ್ನಡ ಬೇರುಗಳನ್ನು ಹುಡುಕಿ ಮರಾಠಿಯಲ್ಲೇ ಪುಸ್ತಕ ಬರೆದರು. ಪುಣೇಕರರೆದುರು ಇಂಥ ವಾದ ಮಂಡಿಸಲು ಗುಂಡಿಗೆ ಬೇಕು.

ಮಧ್ಯಾಹ್ನ ಪೇಠ ಮಲಗುತ್ತದೆ. ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್ ಎಂಬುದು ಇಲ್ಲಿನ ಹೆಸರಾಂತ ಪದ್ಧತಿ, ಈಗ ಸಡಿಲವಾಗಿದೆ. ಗೋಡೆಯ ಖಾರದ ‘ಪಾಟಿ’ಗಳು, ಅಂದರೆ ಸೂಚನಾ ಫಲಕಗಳು, ಸಡಿಲವಾಗಿಲ್ಲ: ಗೇಟಿನೆದುರು ಗಾಡಿ ನಿಲ್ಲಿಸಬೇಡಿ ಅನ್ನುವುದರ ಜೊತೆಗೇ, ನಿಲ್ಲಿಸುವವರ ಬುದ್ಧಿಯ ಬಗ್ಗೆಯೂ ಒಂದು ಮಾತು.

ಮಲಗದವರು ಹುಡುಗರು. ಎಂಪಿಎಸ್‌ಸಿ, ಯುಪಿಎಸ್‌ಸಿಗೆ ಓದಲು ಮರಾಠವಾಡಾ, ವಿದರ್ಭದ ಹಳ್ಳಿಗಳಿಂದ ಬಂದವರು. ಅಭ್ಯಾಸಿಕೆ (ಓದುವ ಕೋಣೆ), ಮೆಸ್ಸು, ಝೆರಾಕ್ಸ್ ಅಂಗಡಿ, ಕಾಟ್ ಬಾಡಿಗೆ: ಧಾರವಾಡದ ಸಪ್ತಾಪುರವನ್ನೇ ತಂದಿಟ್ಟಂತಿದೆ. ಪೇಶ್ವೆಗಳ ಪೇಠ ಈಗ ಬದುಕಿರುವುದು ಇವರಿಂದ ಎಂದೇ ನನಗನಿಸಿತು.

ನಿಂಬಾಳ್ಕರ್ ತಾಲೀಮಿನ ಬಳಿಯ ಸುಜಾತಾದಲ್ಲಿ ಮಾವಿನ ಮಸ್ತಾನಿ ಕುಡಿಯಿರಿ. ಗಟ್ಟಿ ಹಾಲಿನ ಮೇಲೆ ಐಸ್‌ಕ್ರೀಮು, ಊಟ ಬೇಡವಾಗುತ್ತದೆ. ಸಂಜೆಗೆ ಭರತ ನಾಟ್ಯ ಮಂದಿರವಿದೆ. ಕಾಲೇಜು ಹುಡುಗರ ಏಕಾಂಕ ಸ್ಪರ್ಧೆ ‘ಪುರುಷೋತ್ತಮ ಕರಂಡಕ’ ನಡೆಯುವುದು ಇಲ್ಲೇ. ಆ ದಿನಗಳಲ್ಲಿ ಹೋದರೆ, ವಾಪಸು ರೈಲಿನ ಟಿಕೆಟನ್ನು ತಡರಾತ್ರಿಗೇ ಮಾಡಿಸಿ.