ಎಷ್ಟು ಎ.ಪಿ. ಹೊರಬಹುದು?

ಬೆಂಗಳೂರು, ಮೈಸೂರುಗಳ ಅನೇಕ ಮನೆಗಳಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಬರುತ್ತಿದೆ. ಅಮೆರಿಕದಲ್ಲಿ ನೆಲಸಿರುವ ಮಗನೋ ಮಗಳೋ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವಾಗ, "ಈ ವರ್ಷ ಇವಳು ನಾಲ್ಕು ಎ.ಪಿ. ತೆಗೆದುಕೊಂಡಿದ್ದಾಳೆ, ಪಕ್ಕದ ಮನೆಯ ಹುಡುಗ ಆರು" ಎನ್ನುತ್ತಾರೆ. ಈ ಕಡೆ ಕುಳಿತ ಅಜ್ಜ ಅಜ್ಜಿಯರಿಗೆ ಅದು ಬಹುಮಾನವೋ ಕಾಯಿಲೆಯೋ ತಿಳಿಯದು. ಸಂತೋಷಪಡಬೇಕೋ ಮರುಕಪಡಬೇಕೋ ಎಂಬ ಅನುಮಾನದಲ್ಲಿಯೇ "ಒಳ್ಳೆಯದಾಗಲಿ" ಎಂದು ಹರಸಿ ಮಾತು ಮುಗಿಸುತ್ತಾರೆ. ಅವರ ಅನುಮಾನಕ್ಕೆ ಆಧಾರವಿಲ್ಲದಿಲ್ಲ.

ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬುದರ ಹ್ರಸ್ವರೂಪ ಎ.ಪಿ. ಅಮೆರಿಕದ ಪ್ರೌಢಶಾಲೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷಗಳದು. ಅಲ್ಲಿ ಓದುತ್ತಿರುವಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಕಲಿತು, ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಒಂದೇ ಆಗಿ ನಡೆಯುವ ಪರೀಕ್ಷೆಗೆ ಕುಳಿತುಕೊಳ್ಳುವ ಏರ್ಪಾಡು ಇದು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ೧ರಿಂದ ೫ರವರೆಗೆ ಅಂಕ. ೩ ಬಂದರೆ ತೇರ್ಗಡೆಯೆಂದು ಎಣಿಕೆ. ೪ ಅಥವಾ ೫ ಬಂದರೆ ಅನೇಕ ಕಾಲೇಜುಗಳು ಆ ವಿಷಯವನ್ನು ಆಗಲೇ ಓದಿದಂತೆ ಭಾವಿಸಿ ಮಾನ್ಯತೆ ಕೊಡುತ್ತವೆ. ಟೆಕ್ಸಾಸ್, ಇಲಿನಾಯ್ ಮೊದಲಾದ ಕೆಲವು ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ೩ಕ್ಕೂ ಮಾನ್ಯತೆ ಕೊಡಬೇಕೆಂಬ ಕಾನೂನೇ ಇದೆ. ಕಾಲೇಜಿನ ಶುಲ್ಕ ಗಗನಕ್ಕೇರಿರುವ ದೇಶದಲ್ಲಿ ಇದೊಂದು ಸಣ್ಣ ಲಾಭವಲ್ಲ.

ನಮ್ಮ ಪಿ.ಯು.ಸಿ. ವಿದ್ಯಾರ್ಥಿಗೆ ಈ ಆಯ್ಕೆಯ ತೊಡಕು ಅಷ್ಟಾಗಿ ಇಲ್ಲ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯಗಳ ಒಂದು ಗುಂಪು. ಗುಂಪನ್ನು ಆರಿಸಿಕೊಂಡ ಮೇಲೆ ಮಿಕ್ಕದ್ದೆಲ್ಲ ಹಳಿಯ ಮೇಲಿನ ರೈಲು. ಅಮೆರಿಕದ ಹುಡುಗನ ಮುಂದೆ ಸುಮಾರು ೪೦ ಎ.ಪಿ. ವಿಷಯಗಳ ಪಟ್ಟಿ ಇದೆ. ಎಲ್ಲ ಶಾಲೆಗಳಲ್ಲಿಯೂ ಎಲ್ಲವೂ ಸಿಗುವುದಿಲ್ಲವಾದರೂ ಅನುಕೂಲಸ್ಥರ ಊರುಗಳ ಶಾಲೆಗಳಲ್ಲಿ ಇಪ್ಪತ್ತಕ್ಕೆ ಕಡಮೆಯಿಲ್ಲದೆ ಸಿಗುವುದುಂಟು. ಪ್ರತಿ ವರ್ಷದ ಆರಂಭದಲ್ಲಿ, ಜನವರಿ ಫೆಬ್ರವರಿಗಳ ಸುಮಾರಿಗೆ, ಮುಂದಿನ ವರ್ಷದ ಪಾಠಗಳನ್ನು ಗುರುತುಹಾಕಿ ಕೊಡಬೇಕು. ಹದಿನೈದರ ಹುಡುಗಿ ಊಟದ ಮೇಜಿನ ಮೇಲೆ ಆ ಪಟ್ಟಿಯನ್ನು ಹರಡಿಕೊಂಡಳೆಂದರೆ ಮನೆಯಲ್ಲಿ ಒಂದು ಸಣ್ಣ ಶಾಸನಸಭೆಯೇ ಸೇರಿತೆನ್ನಬೇಕು.

ಈ ಏರ್ಪಾಡು ಹುಟ್ಟಿದ ಕಥೆಯನ್ನು ತಿಳಿದರೆ ಇಂದಿನ ಗದ್ದಲ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ಖಾಸಗಿ ಶಾಲೆಗಳೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳೂ ಸೇರಿ ಒಂದು ವಿಚಾರಣೆ ನಡೆಸಿದವು. ಶಾಲೆಯಲ್ಲಿ ಚೆನ್ನಾಗಿ ಕಲಿತುಬಂದ ಹುಡುಗ ಕಾಲೇಜಿನ ಮೊದಲ ವರ್ಷದಲ್ಲಿ ಅದನ್ನೇ ಮತ್ತೆ ಕೇಳಿ ಬೇಸರಪಡುತ್ತಿದ್ದಾನೆ ಎಂಬುದು ಅವರಿಗೆ ಕಂಡುಬಂದ ದೋಷ. ೧೯೫೨ರಲ್ಲಿ ಆ ವರದಿ ಪ್ರಕಟವಾಯಿತು. ಅದೇ ಕಾಲಕ್ಕೆ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಚಾಮರ್ಸ್ ಇನ್ನೂ ಕೆಲವು ಕಾಲೇಜುಗಳನ್ನು ಕೂಡಿಸಿಕೊಂಡು ಇಂಥದೇ ಪ್ರಯೋಗಕ್ಕೆ ತೊಡಗಿದ್ದರು. ೧೯೫೫ರಲ್ಲಿ ಕಾಲೇಜ್ ಬೋರ್ಡ್ ಈ ಕೆಲಸವನ್ನು ವಹಿಸಿಕೊಂಡಿತು. ೧೯೫೬ರಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು. ೧೦೪ ಶಾಲೆಗಳಿಂದ ೧,೨೨೯ ಮಂದಿ ವಿದ್ಯಾರ್ಥಿಗಳು ಬರೆದ ಪರೀಕ್ಷೆಗಳು ೨,೧೯೯. ಭಾಗಿಸಿ ನೋಡಿದರೆ ತಲೆಗೆ ಎರಡೂ ತುಂಬುವುದಿಲ್ಲ! ದೇಶದ ಆಯ್ದ ಶಾಲೆಗಳ ಆಯ್ದ ಮಕ್ಕಳಿಗೆ, ಅವರಿಗೆ ಗತಿಯಿದ್ದ ಒಂದೆರಡು ವಿಷಯಗಳಲ್ಲಿ ಮುಂದೆ ಸಾಗಲು ಮಾಡಿಕೊಟ್ಟ ದಾರಿ ಅದು. ಇಂದು ವರ್ಷಕ್ಕೆ ಇಪ್ಪತ್ತೈದು ಲಕ್ಷಕ್ಕೂ ಮೀರಿದ ಮಕ್ಕಳು ಈ ಪರೀಕ್ಷೆ ಬರೆಯುತ್ತಾರೆ. ಒಬ್ಬನೇ ಹುಡುಗ ನಾಲ್ಕು ವರ್ಷಗಳಲ್ಲಿ ಹತ್ತು ಹನ್ನೆರಡು ಮುಗಿಸಿದನೆಂದರೆ ಕೆಲವು ಊರುಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಹೀಗೆ ಏರಿದ್ದಕ್ಕೆ ಕಾರಣವುಂಟು. ಅನೇಕ ಶಾಲೆಗಳಲ್ಲಿ ಸಾಮಾನ್ಯ ಪಾಠದಲ್ಲಿ 'ಎ' ದರ್ಜೆಗೆ ೪ ಅಂಶ ಕೊಟ್ಟರೆ ಎ.ಪಿ. ಪಾಠದ 'ಎ' ದರ್ಜೆಗೆ ೫ ಕೊಡುತ್ತಾರೆ. ಅಲ್ಲಿಯ 'ಬಿ'ಯೂ ಇಲ್ಲಿಯ 'ಎ'ಗೆ ಸಮಾನವಾಯಿತು. ಸರಾಸರಿ ಏರಬೇಕಾದರೆ ಎ.ಪಿ. ಏರಬೇಕು. ಮೇಲಾಗಿ, ಹೆಸರಾಂತ ಕಾಲೇಜುಗಳು ಅರ್ಜಿದಾರನು ತನ್ನ ಶಾಲೆಯಲ್ಲಿ ದೊರೆಯುವ ಕಠಿನವಾದ ಪಾಠಗಳನ್ನು ಓದಿದ್ದಾನೆಯೇ ಎಂದು ನೋಡುವುದು ನಿಜ. 'ತನ್ನ ಶಾಲೆಯಲ್ಲಿ' ಎಂಬ ಮಾತನ್ನು ತಂದೆತಾಯಿಗಳು ಹಾರಿಸಿಬಿಡುತ್ತಾರೆ. ಅರ್ಜಿಯೊಡನೆ ಶಾಲೆಯ ಪರಿಚಯಪತ್ರವೂ ಹೋಗುತ್ತದೆ. ಆ ಶಾಲೆಯಲ್ಲಿ ಎಷ್ಟು ಎ.ಪಿ. ಪಾಠಗಳಿವೆ ಎಂಬುದು ಅದರಲ್ಲಿರುತ್ತದೆ. ಐದೇ ಪಾಠಗಳಿರುವ ಶಾಲೆಯ ಹುಡುಗ ಮೂರನ್ನು ಓದಿದ್ದರೆ ಅದಕ್ಕೆ ಬೇರೆಯೇ ಬೆಲೆ. ನೆಂಟರ ಮಗ ಇನ್ನಾವುದೋ ರಾಜ್ಯದಲ್ಲಿ ಎಂಟು ಓದಿದನೆಂಬ ಹೋಲಿಕೆ ಇಲ್ಲಿ ಕೆಲಸಕ್ಕೆ ಬಾರದು.

ಇನ್ನು ಈ ಏರಿಕೆಗೆ ಮೇಲ್ಮಿತಿ ಎಂಬುದುಂಟೆ? ಉಂಟು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ಅರ್ಜಿದಾರನ ಸರಾಸರಿಯನ್ನು ತಾನೇ ಲೆಕ್ಕಹಾಕುತ್ತದೆ. ಅದರಲ್ಲಿ ಕಠಿನ ಪಾಠಗಳಿಗೆ ಸಿಗುವ ಹೆಚ್ಚುವರಿ ಅಂಶವನ್ನು ಎಂಟು ಅರ್ಧವರ್ಷಗಳಿಗೆ, ಎಂದರೆ ಪೂರ್ತಿ ವರ್ಷದ ನಾಲ್ಕು ಪಾಠಗಳಿಗೆ, ಮಿತಿಗೊಳಿಸಿದೆ. ಹೆಚ್ಚಿನವನ್ನು ಅದು ಕಣ್ಣೆತ್ತಿ ನೋಡುವುದಿಲ್ಲವೆಂದು ಅರ್ಥವಲ್ಲ. ಅಂಕದ ಲಾಭ ಮಾತ್ರ ಅಲ್ಲಿಗೆ ನಿಂತಿತು. ಉತ್ತರ ಕೆರೊಲಿನ ವಿಶ್ವವಿದ್ಯಾನಿಲಯದವರು ತಮ್ಮಲ್ಲಿಗೆ ಬಂದ ವಿದ್ಯಾರ್ಥಿಗಳ ಮೊದಲ ವರ್ಷದ ಫಲಿತಾಂಶವನ್ನು ಪರಿಶೀಲಿಸಿದಾಗ, ಶಾಲೆಯಲ್ಲಿ ಐದು ಕಾಲೇಜು ಮಟ್ಟದ ಪಾಠಗಳನ್ನು ಓದಿದವರು ಅದಕ್ಕಿಂತ ಕಡಮೆ ಓದಿದವರಿಗಿಂತ ಚೆನ್ನಾಗಿ ಮಾಡಿದ್ದು ಕಂಡಿತು. ಐದನ್ನು ದಾಟಿದ ಮೇಲೆ ಹೆಚ್ಚು ಓದಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಐದೆಂಬುದು ನಾಲ್ಕು ವರ್ಷಗಳ ಒಟ್ಟು ಲೆಕ್ಕವೆಂಬುದನ್ನು ಗಮನಿಸಬೇಕು. ಡಾರ್ಟ್‌ಮತ್ ಕಾಲೇಜಂತೂ ೨೦೧೪ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಮೊದಲುಗೊಂಡು ಎ.ಪಿ. ಅಂಕಕ್ಕೆ ಪದವಿಯ ಮಾನ್ಯತೆ ಕೊಡುವುದನ್ನೇ ನಿಲ್ಲಿಸಿತು. ವಾಷಿಂಗ್ಟನ್ ಸುತ್ತಲಿನ ಎಂಟು ಖಾಸಗಿ ಶಾಲೆಗಳು ೨೦೧೮ರಲ್ಲಿ ಒಟ್ಟಾಗಿ, ೨೦೨೨ರ ವೇಳೆಗೆ ಎ.ಪಿ. ಪಾಠಗಳನ್ನು ಕೈಬಿಡುವುದಾಗಿ ಸಾರಿದವು. ಹೆಸರು ಗಳಿಸಿಯಾದ ಶಾಲೆಗಳಿಗೆ ಇಂಥ ಧೈರ್ಯ ಸುಲಭ. ಸಾಮಾನ್ಯ ಸರ್ಕಾರಿ ಶಾಲೆಯ ಬಡ ಹುಡುಗನಿಗೆ ಎ.ಪಿ. ಇಂದಿಗೂ ಒಂದು ಏಣಿಯೇ. ಏಣಿಯನ್ನು ತೆಗೆದುಹಾಕಬೇಕೆಂಬ ಪಕ್ಷ ನನ್ನದಲ್ಲ.

ಸಂಖ್ಯೆಯ ಪ್ರಶ್ನೆಯನ್ನು ಬಿಟ್ಟು ಗಡಿಯಾರದ ಪ್ರಶ್ನೆಯನ್ನು ಕೇಳುವುದು ಲೇಸು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ ೮ರಿಂದ ೧೦ ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಘ ೨೦೧೬ರಲ್ಲಿ ಹೇಳಿತು. ಬೆಳಗ್ಗೆ ಎಂಟೂವರೆಗೆ ಮುಂಚೆ ಶಾಲೆ ಬೇಡವೆಂದು ಅಲ್ಲಿಯ ಮಕ್ಕಳ ವೈದ್ಯರು ೨೦೧೪ರಲ್ಲಿಯೇ ಸಲಹೆ ಕೊಟ್ಟಿದ್ದರು. ಕ್ಯಾಲಿಫೋರ್ನಿಯ ೨೦೧೯ರಲ್ಲಿ ಅದನ್ನು ಪ್ರೌಢಶಾಲೆಗಳಿಗೆ ಕಾನೂನಾಗಿಸಿ ೨೦೨೨ರಿಂದ ಜಾರಿಗೆ ತಂದಿತು. ಎಂಟೂವರೆ ಗಂಟೆ ನಿದ್ರೆ, ಏಳು ಗಂಟೆ ಶಾಲೆ, ಸ್ನಾನ ಊಟ ಪ್ರಯಾಣಗಳಿಗೆ ಎರಡೂವರೆ ಎಂದಿಟ್ಟುಕೊಳ್ಳಿ. ಹದಿನೆಂಟು ಗಂಟೆ ಕಳೆಯಿತು. ಉಳಿದ ಆರರಲ್ಲಿ ಸಂಗೀತವೋ ಆಟವೋ ಎರಡು ಗಂಟೆ. ಇನ್ನು ನಾಲ್ಕು. ಆರು ಪಾಠಗಳಲ್ಲಿ ಮೂರು ಎ.ಪಿ. ಇದ್ದು, ಒಂದೊಂದಕ್ಕೆ ರಾತ್ರಿ ಒಂದು ಗಂಟೆ, ಮಿಕ್ಕ ಮೂರಕ್ಕೆ ಇಪ್ಪತ್ತು ಇಪ್ಪತ್ತು ನಿಮಿಷ ಹಿಡಿಯುವುದಾದರೆ ಆ ನಾಲ್ಕು ಗಂಟೆ ಸರಿಯಾಗಿ ತುಂಬಿತು. ಹರಟೆಗೆ, ಸುಮ್ಮನೆ ಕಿಟಕಿಯಲ್ಲಿ ನಿಲ್ಲುವುದಕ್ಕೆ ಒಂದು ನಿಮಿಷವೂ ಇಲ್ಲ. ನಾಲ್ಕನೆಯ ಎ.ಪಿ. ಬಂದರೆ ಇನ್ನೂ ನಲವತ್ತು ನಿಮಿಷ ಬೇಕು, ಐದನೆಯದಕ್ಕೆ ಮತ್ತೆ ನಲವತ್ತು. ಅವು ಎಲ್ಲಿಂದ ಬರಬೇಕು? ನಿದ್ರೆಯಿಂದ ಬರುತ್ತವೆ, ಇಲ್ಲವೆ ಸಂಗೀತದಿಂದ. ಭಾನುವಾರಕ್ಕೆ ಕೆಲಸ ಉಳಿಸಿಕೊಂಡರೆ ಕನ್ನಡ ಕೂಟದವರು ನಡೆಸುವ ಕನ್ನಡ ತರಗತಿ ಮೊದಲು ಹೋಗುತ್ತದೆ. ಎ.ಪಿ. ಪಟ್ಟಿಯಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್, ಚೀನೀ, ಜಪಾನೀ, ಲ್ಯಾಟಿನ್ ಇವೆ. ಭಾರತದ ಭಾಷೆ ಒಂದೂ ಇಲ್ಲ. ಅಂಶವಿಲ್ಲದ ಭಾಷೆಗೆ ಆತುರದ ವರ್ಷಗಳಲ್ಲಿ ಯಾರು ಎಡೆ ಕೊಟ್ಟಾರು? ಕನ್ನಡದ ಮೇಷ್ಟರಾದ ನನಗೆ ಇದು ಹೆಚ್ಚಾಗಿ ಕಾಣುತ್ತದೆಂದು ವಾಚಕರು ಮನ್ನಿಸಬೇಕು.

ಎಲ್ಲ ಎ.ಪಿ.ಗಳೂ ಒಂದೇ ತೂಕದವಲ್ಲ. ಗಣಿತದಲ್ಲಿ ಕ್ಯಾಲ್ಕುಲಸ್ ಎಬಿ ಎಂಬುದು ಕಾಲೇಜಿನ ಸುಮಾರು ಅರ್ಧವರ್ಷದ ಪಾಠ; ಬಿಸಿ ಎಂಬುದು ಪೂರ್ತಿ ವರ್ಷದ್ದು, ಎಬಿಯ ವಿಷಯವೂ ಅದರೊಳಗೇ ಅಡಗಿದೆ. ಭೌತಶಾಸ್ತ್ರ ೧, ೨ ಎಂಬುವು ಬೀಜಗಣಿತದಿಂದ ಸಾಗುತ್ತವೆ. ಭೌತಶಾಸ್ತ್ರ ಸಿ ಎಂಬುದಕ್ಕೆ ಕ್ಯಾಲ್ಕುಲಸ್ ಬೇಕು. ಅಮೆರಿಕದ ಇತಿಹಾಸ, ಇಂಗ್ಲಿಷ್ ಸಾಹಿತ್ಯ ಇವುಗಳ ಭಾರ ಓದಿನಲ್ಲಿದೆ, ಬರವಣಿಗೆಯಲ್ಲಿದೆ. ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆಯ ಕೆಲಸ ಬೇರೆ. ಪುಟಗಟ್ಟಲೆ ಓದಿಸುವ ಎರಡನ್ನು ಒಂದೇ ವರ್ಷ ಕಟ್ಟಿಕೊಂಡ ಮಗು, ಒಂದು ಲೆಕ್ಕದ್ದು ಒಂದು ಓದಿನದು ತೆಗೆದುಕೊಂಡ ಮಗುವಿಗಿಂತ ಬೇಗ ಬಳಲುತ್ತದೆ. ಹನ್ನೊಂದನೆಯ ತರಗತಿಯಲ್ಲಿಯೇ ಎಸ್.ಎ.ಟಿ. ಮೊದಲಾದ ಪ್ರವೇಶ ಪರೀಕ್ಷೆಗಳೂ ಬಂದು ಸೇರುವುದರಿಂದ ಆ ವರ್ಷ ತಾನಾಗಿಯೇ ಭಾರವಾದದ್ದು. ಹನ್ನೆರಡರ ಮೊದಲರ್ಧ ಅರ್ಜಿ ಬರೆಯುವುದರಲ್ಲಿ ಕಳೆಯುತ್ತದೆ. ಹತ್ತನೆಯದರಲ್ಲಿ ಒಂದನ್ನು ಮುಗಿಸಿ ರುಚಿ ನೋಡಿದವರು ಮುಂದಿನದನ್ನು ತಕ್ಕಮಟ್ಟಿಗೆ ಅಳೆಯಬಲ್ಲರು.

ಭಾರತೀಯರು ದಟ್ಟವಾಗಿ ನೆಲಸಿರುವ ಒಂದು ಊರಿನಲ್ಲಿ ಈ ವಿಷಯ ಬೀದಿಗೆ ಬಂದದ್ದುಂಟು. ನ್ಯೂ ಜರ್ಸಿಯಲ್ಲಿ ಪ್ರಿನ್ಸ್‌ಟನ್ ಸಮೀಪದ ವೆಸ್ಟ್ ವಿಂಡ್ಸರ್ ಮತ್ತು ಪ್ಲೇನ್ಸ್‌ಬರೊ ಊರುಗಳಿಗೆ ಒಂದೇ ಶಾಲಾಮಂಡಲಿ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಏಷ್ಯ ಮೂಲದವರು. ೨೦೧೫ರಲ್ಲಿ ಮೇಲಧಿಕಾರಿ ಡೇವಿಡ್ ಆಡರ್‌ಹೋಲ್ಡ್ ತಂದೆತಾಯಿಗಳಿಗೆ ಹದಿನಾರು ಪುಟದ ಪತ್ರ ಬರೆದು, ಮಕ್ಕಳು ಒತ್ತಡದಿಂದ ನಲುಗುತ್ತಿದ್ದಾರೆಂದು ಎಚ್ಚರಿಸಿದರು. ಪ್ರೌಢಶಾಲೆಯ ಮಧ್ಯವಾರ್ಷಿಕ, ಅಂತ್ಯ ಪರೀಕ್ಷೆಗಳನ್ನು ತೆಗೆದುಹಾಕಿದರು. ಮನೆಪಾಠವಿಲ್ಲದ ರಾತ್ರಿಗಳನ್ನು ಗೊತ್ತುಮಾಡಿದರು. ಎಳೆಯ ತರಗತಿಗಳಲ್ಲಿಯೇ ಆರಂಭವಾಗುತ್ತಿದ್ದ ವೇಗದ ಗಣಿತವನ್ನು ನಿಲ್ಲಿಸಿದರು. ಊರು ಎರಡಾಯಿತು. ಬಿಳಿಯ ತಂದೆತಾಯಿಗಳಲ್ಲಿ ಹೆಚ್ಚಿನವರು ಒಂದು ಕಡೆ. ಏಷ್ಯದಿಂದ ಬಂದವರಲ್ಲಿ ಹಲವರು, 'ನಮ್ಮ ಮಕ್ಕಳ ವಿದ್ಯೆಯನ್ನು ತೆಳುಮಾಡುತ್ತಿದ್ದೀರಿ' ಎಂದು ಇನ್ನೊಂದು ಕಡೆ. ಪರೀಕ್ಷೆಯೊಂದನ್ನೇ ಹಿಡಿದು ಸಮುದ್ರ ದಾಟಿದವರು ಆಡಿದ ಈ ಮಾತನ್ನು ಹಾಸ್ಯಮಾಡುವುದು ಸುಲಭ. ಶಿಫಾರಸು ಮಾಡುವ ಬಂಧುಬಳಗವಿಲ್ಲದ ದೇಶದಲ್ಲಿ ಅಂಕಪಟ್ಟಿಯೇ ಬಂಧು ಎಂದು ಅವರಿಗೆ ತೋರಿದ್ದರೆ ಆಶ್ಚರ್ಯವೇನು? ಆದರೂ ಆ ಹದಿನಾರು ಪುಟಗಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಆರಿಸಿಕೊಂಡ ಮೇಲೂ ದಾರಿ ಮುಚ್ಚಿಹೋಗುವುದಿಲ್ಲ ಎಂಬುದು ಅನೇಕರಿಗೆ ತಿಳಿಯದು. ಶಾಲೆ ತೆರೆದ ಮೊದಲ ಕೆಲವು ವಾರಗಳಲ್ಲಿ ಭಾರವಾದ ಪಾಠವನ್ನು ಬಿಟ್ಟು ಸಾಮಾನ್ಯ ಪಾಠಕ್ಕೆ ಬದಲಾಯಿಸಲು ಬಹುಮಟ್ಟಿಗೆ ಎಲ್ಲ ಶಾಲೆಗಳಲ್ಲಿಯೂ ಅವಕಾಶವಿದೆ. ಕೊನೆಯ ದಿನಾಂಕ ಯಾವುದು, ಅನಂತರ ಬಿಟ್ಟರೆ ದಾಖಲೆಯಲ್ಲಿ ಗುರುತು ಬೀಳುವುದೇ ಎಂಬುದನ್ನು ಪಟ್ಟಿಗೆ ಸಹಿಹಾಕುವ ಮುಂಚೆಯೇ ಶಾಲೆಯ ಸಲಹೆಗಾರರನ್ನು ಕೇಳಿಟ್ಟುಕೊಳ್ಳಬಹುದು. ಪಾಠಕ್ಕೆ ಸೇರಿದವರೆಲ್ಲ ಮೇ ಪರೀಕ್ಷೆ ಬರೆಯಲೇಬೇಕೆಂದು ಅನೇಕ ಶಾಲೆಗಳಲ್ಲಿ ನಿಯಮವಿಲ್ಲ. ೨೦೨೫ರಲ್ಲಿ ಒಂದು ಪರೀಕ್ಷೆಯ ಶುಲ್ಕ ಅಮೆರಿಕದೊಳಗೆ ೯೯ ಡಾಲರು. ಹೆಸರು ಕೊಡುವುದು ೨೦೧೯ರಿಂದೀಚೆಗೆ ನವೆಂಬರ್ ಮಧ್ಯದೊಳಗೇ ಮುಗಿಯಬೇಕು, ಕೊಟ್ಟು ಬರೆಯದಿದ್ದರೆ ೪೦ ಡಾಲರು ಕಳೆಯುತ್ತದೆ. ಎಂದರೆ ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಶಾಲೆ ತೆರೆದ ಮೇಲೆ, ಮಗು ಎಷ್ಟು ಗಂಟೆಗೆ ದೀಪ ಆರಿಸುತ್ತಿದೆ ಎಂದು ನೋಡಿ ತಿಳಿಯಲು ಮನೆಯವರಿಗೆ ಎರಡು ತಿಂಗಳಾದರೂ ಸಮಯ ಸಿಕ್ಕಿರುತ್ತದೆ.