ತೂಕ ಇಳಿಸುವ ಸರ್ಜರಿ ಆದ್ಮೇಲೆ ಕೂದಲು ಯಾಕೆ ಉದುರುತ್ತೆ? ವಾಪಸ್ ಬರುತ್ತಾ?

ಇವತ್ತಿನ ಮಾತಲ್ಲಿ ಗ್ರಾಂ, ತಿಂಗಳು, ಟೆಸ್ಟ್ ಹೆಸರುಗಳು ಜಾಸ್ತಿ ಬರುತ್ತವೆ. ಬರೆದಿಟ್ಟುಕೊಳ್ಳೋಕೆ ಸುಲಭ ಆಗ್ಲಿ ಅಂತ ಪೂರ್ತಿ ಬರಹ ಇಲ್ಲಿದೆ.

ಬೇರಿಯಾಟ್ರಿಕ್ ಸರ್ಜರಿ, ಅಂದ್ರೆ ತೂಕ ಇಳಿಸೋಕೆ ಜಠರದ ಗಾತ್ರ ಕಡಿಮೆ ಮಾಡುವ ಆಪರೇಷನ್ ಮಾಡಿಸಿಕೊಂಡವರು ತುಂಬಾ ಜನ ಒಂದೇ ಪ್ರಶ್ನೆ ಕೇಳ್ತಾರೆ. "ಆಪರೇಷನ್ ಆಗಿ ನಾಲ್ಕು ತಿಂಗಳು. ತಲೆಗೆ ಕೈ ಹಾಕಿದ್ರೆ ಕೂದಲು ಕೈಗೇ ಬರ್ತಿದೆ. ಬೋಳಾಗಿಬಿಡ್ತೀನಾ?"

ನಾನೂ ಸ್ಲೀವ್ ಸರ್ಜರಿ ಮಾಡಿಸಿಕೊಂಡವಳು. ಆಗ ನನಗೆ 27 ವರ್ಷ, ತೂಕ 108 ಕೆ.ಜಿ., ಜೊತೆಗೆ ಶುಗರ್. ನಾಲ್ಕನೇ ತಿಂಗಳಲ್ಲಿ ಬಾತ್‌ರೂಮಿನ ಜಾಲಿಗೆ ಕೂದಲು ಸಿಕ್ಕಿಕೊಂಡು ನೀರು ನಿಲ್ಲೋಕೆ ಶುರುವಾಯ್ತು. ಹಾಗಾಗಿ ಈ ಪ್ರಶ್ನೆಯ ಹಿಂದಿನ ಭಯ ನನಗೆ ಚೆನ್ನಾಗಿ ಗೊತ್ತು. ಉತ್ತರ ಮೊದಲೇ ಹೇಳಿಬಿಡ್ತೀನಿ: ಬಹುಪಾಲು ಜನರಿಗೆ ಕೂದಲು ವಾಪಸ್ ಬರುತ್ತೆ. ಆದ್ರೆ ಊಟ, ಮಾತ್ರೆ, ರಕ್ತ ಪರೀಕ್ಷೆ ಈ ಮೂರನ್ನೂ ಬಿಡಬಾರದು.

ಇವತ್ತು ಉದುರುವುದು ಮೂರು ತಿಂಗಳ ಹಿಂದಿನ ಕಥೆ

ತಲೆಯ ಪ್ರತಿ ಕೂದಲಿಗೂ ಅದರದ್ದೇ ಟೈಮ್‌ಟೇಬಲ್ ಇದೆ. ಎರಡರಿಂದ ಆರು ವರ್ಷ ಬೆಳೆಯುತ್ತೆ. ಆಮೇಲೆ ಎರಡು–ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತೆ. ಅದಾದ್ಮೇಲೆ ಸುಮಾರು ಮೂರು ತಿಂಗಳು ರೆಸ್ಟ್ ಮಾಡಿ ಉದುರುತ್ತೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತೆ. ಮಾಮೂಲಿ ದಿನಗಳಲ್ಲೂ 50ರಿಂದ 100 ಕೂದಲು ಹೀಗೆ ಹೋಗ್ತವೆ, ನಮ್ಮ ಗಮನಕ್ಕೇ ಬರಲ್ಲ.

ಸಾಮಾನ್ಯವಾಗಿ ನೂರರಲ್ಲಿ 10–15 ಕೂದಲು ಮಾತ್ರ ರೆಸ್ಟ್‌ನಲ್ಲಿರುತ್ತವೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಈ ಲೆಕ್ಕ ತಪ್ಪುತ್ತೆ. ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ರೆಸ್ಟ್‌ಗೆ ಹೋಗಿ, ಮೂರು ತಿಂಗಳಾದ್ಮೇಲೆ ಒಟ್ಟಿಗೇ ಉದುರುತ್ತವೆ. ಡಾಕ್ಟರ್‌ಗಳು ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತಾರೆ. ಬಾಣಂತಿಯರಿಗೆ, ಡೆಂಗಿ–ಟೈಫಾಯ್ಡ್ ಆಗಿ ಎದ್ದವರಿಗೆ ಕೂದಲು ಹೋಗುವುದೂ ಹೀಗೇ.

ನಮ್ಮ ವಿಷಯದಲ್ಲಿ ಪೆಟ್ಟು ಒಂದಲ್ಲ, ಮೂರು. ಮೊದಲನೆಯದು ಆಪರೇಷನ್, ಅನಸ್ತೇಷಿಯಾ. ಎರಡನೆಯದು ತೂಕ ಸರಸರ ಇಳಿಯುವುದು. ಮೂರನೆಯದು ಪೋಷಕಾಂಶದ ಕೊರತೆ. ಸ್ಲೀವ್‌ನಲ್ಲಿ ಜಠರದ ಸುಮಾರು ಶೇ 75–80 ಭಾಗ ತೆಗೆದುಬಿಡ್ತಾರೆ, ಜಾಸ್ತಿ ತಿನ್ನೋಕೆ ಜಾಗವೇ ಇರಲ್ಲ. ಬೈಪಾಸ್‌ನಲ್ಲಿ ಜಠರ ಚಿಕ್ಕದಾಗುವುದರ ಜೊತೆಗೆ, ಸಣ್ಣಕರುಳಿನ ಮೊದಲ ಭಾಗವನ್ನು ಊಟ ಮುಟ್ಟುವುದೇ ಇಲ್ಲ. ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಆ ಭಾಗ. ಸಿಕ್ಕಿದ್ದು ಸ್ವಲ್ಪವಾದಾಗ ದೇಹ ಅದನ್ನ ಹೃದಯ, ಮೆದುಳು, ಸ್ನಾಯುಗಳಿಗೆ ಮೊದಲು ಕೊಡುತ್ತೆ. ಕೂದಲಿನ ಸರದಿ ಕೊನೆಗೆ.

ಕ್ಯಾಲೆಂಡರ್ ನೋಡಿ

ಸಾಮಾನ್ಯವಾಗಿ ಮೂರನೇ ಅಥವಾ ನಾಲ್ಕನೇ ತಿಂಗಳಲ್ಲಿ ಉದುರೋಕೆ ಶುರುವಾಗುತ್ತೆ. ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಕಡಿಮೆಯಾಗುತ್ತೆ. ಹಣೆಯ ಅಂಚಲ್ಲಿ ಸಣ್ಣ ಸಣ್ಣ ಕೂದಲು ನೆಟ್ಟಗೆ ನಿಂತಿರುವುದು ಕಂಡ್ರೆ ಖುಷಿಪಡಿ, ಅದು ಹೊಸ ಬೆಳೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಜಡೆ ಮೊದಲಿನ ಹಾಗೆ ದಪ್ಪ ಆಗೋಕೆ ವರ್ಷದ ಮೇಲೆ ಬೇಕು.

ಈ ಲೆಕ್ಕ ಯಾಕೆ ಮುಖ್ಯ ಅಂದ್ರೆ, ಇವತ್ತು ತಿಂದ ಮೊಟ್ಟೆ ನಾಳೆಯ ಬಾಚಣಿಗೆಯಲ್ಲಿ ಕಾಣಲ್ಲ. ಒಂದು ತಿಂಗಳು ಚೆನ್ನಾಗಿ ತಿಂದೂ ಉದುರುತ್ತಲೇ ಇದ್ರೆ, "ಏನೂ ಪ್ರಯೋಜನ ಇಲ್ಲ" ಅಂತ ಬಿಟ್ಟುಬಿಡುವವರು ಜಾಸ್ತಿ. ಮೂರು ತಿಂಗಳು ಕಾಯಲೇಬೇಕು.

ಈ ಕ್ಯಾಲೆಂಡರ್ ತಪ್ಪಿದರೆ ಮಾತ್ರ ಎಚ್ಚರ. ಆರು ತಿಂಗಳ ನಂತರ ಹೊಸದಾಗಿ ಉದುರೋಕೆ ಶುರುವಾದ್ರೆ, ಅಥವಾ ವರ್ಷ ಕಳೆದರೂ ನಿಲ್ಲದಿದ್ರೆ, ಅದು ಆಪರೇಷನ್ನಿನ ಪೆಟ್ಟು ಅಂತ ಸುಮ್ಮನಿರಬೇಡಿ. ಒಳಗೆ ಕೊರತೆ ಇರಬಹುದು.

ಸಾರು–ಅನ್ನದಲ್ಲಿ ಲೆಕ್ಕ ತುಂಬಲ್ಲ

ಕೂದಲು ಅಂದ್ರೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನ್. ಸರ್ಜರಿ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತ ಸಾಮಾನ್ಯವಾಗಿ ಹೇಳ್ತಾರೆ. ನಿಮ್ಮ ಲೆಕ್ಕ ಎಷ್ಟು ಅಂತ ನಿಮ್ಮ ಡಯೆಟಿಷಿಯನ್ ಹೇಳ್ತಾರೆ.

ನಮ್ಮ ಮನೆಗಳ ಕಷ್ಟ ಇರುವುದು ಇಲ್ಲೇ. ಹುಷಾರಿಲ್ಲದವರಿಗೆ ನಾವು ಕೊಡುವುದು ತಿಳಿಸಾರು, ಮೆತ್ತಗಿನ ಅನ್ನ, ಗಂಜಿ. ತಿಳಿಸಾರಿನಲ್ಲಿ ಪ್ರೋಟೀನ್ ಹೆಚ್ಚುಕಡಿಮೆ ಇಲ್ಲ. ರಾಗಿ ಒಳ್ಳೆಯದೇ, ಆದ್ರೆ 100 ಗ್ರಾಂ ಹಿಟ್ಟಿನಲ್ಲಿ ಸಿಗುವುದು 7 ಗ್ರಾಂ. ಚಿಕ್ಕ ಜಠರ ಮುದ್ದೆಗೇ ತುಂಬಿಹೋದ್ರೆ ಬೇಳೆಗೆ ಎಲ್ಲಿದೆ ಜಾಗ?

ಒಂದು ಸಸ್ಯಾಹಾರದ ದಿನ ನೋಡಿ. ಪನೀರ್ 100 ಗ್ರಾಂ ಅಂದ್ರೆ ಸುಮಾರು 18 ಗ್ರಾಂ ಪ್ರೋಟೀನ್. ಒಣ ಸೋಯಾ ಚಂಕ್ಸ್ 25 ಗ್ರಾಂ ನೆನೆಸಿ ಬೇಯಿಸಿದ್ರೆ 13. ಒಂದು ಲೋಟ ಹಾಲಲ್ಲಿ 8, ಒಂದು ಬಟ್ಟಲು ಮೊಸರಲ್ಲಿ 6. ಎರಡು ಸಣ್ಣ ಬಟ್ಟಲು ಗಟ್ಟಿ ಬೇಳೆಯಲ್ಲಿ 12. ಒಟ್ಟು 57. ಇಷ್ಟನ್ನೂ ಐದಾರು ಸಲ ಹಂಚಿಕೊಂಡು ತಿನ್ನಬೇಕು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಮೀನು, ಚಿಕನ್ ತಿನ್ನುವವರಿಗೆ ಇನ್ನೂ ಸಲೀಸು. ಮೊದಲ ತಿಂಗಳುಗಳಲ್ಲಿ ಇಷ್ಟು ಹಿಡಿಸಲ್ಲ, ಅದಕ್ಕೇ ಪ್ರೋಟೀನ್ ಪೌಡರ್ ಕೊಡ್ತಾರೆ.

ನಾನು ಪಾಲಿಸಿದ ನಿಯಮ ಒಂದೇ: ತಟ್ಟೆಯಲ್ಲಿ ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಅನ್ನ–ಚಪಾತಿ ಕೊನೆಗೆ. ಅಮ್ಮನಿಗೆ ಇದು ವಿಚಿತ್ರವಾಗಿ ಕಂಡಿತು. "ಅನ್ನ ಮುಟ್ಟದೆ ಬರೀ ಪಲ್ಯ ತಿಂತೀಯಲ್ಲೇ" ಅಂತ ಬೇಜಾರು ಮಾಡ್ಕೊಂಡ್ರು. ಫೋನಲ್ಲಿ ಈ ಲೆಕ್ಕ ತೋರಿಸಿದ ಮೇಲೆ ಅವರೇ ದಿನಾ ಹೆಸರುಕಾಳು ನೆನೆಸಿಡೋಕೆ ಶುರುಮಾಡಿದ್ರು.

ಮಾತ್ರೆ ಮತ್ತು ಟೆಸ್ಟ್

ಕೂದಲಿಗೆ ಸಂಬಂಧಪಟ್ಟಂತೆ ಡಾಕ್ಟರ್ ಹತ್ರ ಕೇಳಬೇಕಾದ ಟೆಸ್ಟ್‌ಗಳು ಇವು: ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಫೋಲೇಟ್, ವಿಟಮಿನ್ ಡಿ, ಜಿಂಕ್, ಥೈರಾಯ್ಡ್. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್ ತೀರಾ ಕೆಳಗಿರಬಹುದು. ಪೀರಿಯಡ್ಸ್‌ನಲ್ಲಿ ರಕ್ತಸ್ರಾವ ಜಾಸ್ತಿ ಇರುವವರು ಇದನ್ನ ಮರೀಬೇಡಿ.

ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಕಡೇಪಕ್ಷ ಎರಡು ಗಂಟೆ ಅಂತರ ಇರಲಿ. ಕಾಫಿ, ಟೀ ಜೊತೆಗೂ ಕಬ್ಬಿಣದ ಮಾತ್ರೆ ಬೇಡ, ದೇಹ ಅದನ್ನ ಸರಿಯಾಗಿ ಹೀರಿಕೊಳ್ಳಲ್ಲ.

ಕೂದಲಿಗೆ ಅಂತ ಎಲ್ಲರೂ ಹೇಳುವುದು ಬಯೋಟಿನ್. ಕೊರತೆ ಇಲ್ಲದವರಿಗೆ ಅದರಿಂದ ಲಾಭ ಆಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಮೇಲಾಗಿ, ಜಾಸ್ತಿ ಬಯೋಟಿನ್ ತಗೊಂಡ್ರೆ ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಟೆಸ್ಟ್‌ಗಳ ರಿಸಲ್ಟ್ ತಪ್ಪಾಗಿ ಬರಬಹುದು. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ತಗೊಳ್ತಿದ್ರೆ ರಕ್ತ ಕೊಡುವ ಮೊದಲೇ ಹೇಳಿ. ಜಿಂಕ್ ಕೂಡ ಅಷ್ಟೇ. ಮನಸ್ಸಿಗೆ ಬಂದಷ್ಟು ತಗೊಂಡ್ರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ರಕ್ತಹೀನತೆ, ನರದ ತೊಂದರೆ ಬರಬಹುದು.

ಅಲ್ಲಿಯವರೆಗೆ ತಲೆ ಹೇಗೆ ನಿಭಾಯಿಸೋದು?

ಗರಗದ ಸೊಪ್ಪಿನ ಎಣ್ಣೆ, ದಾಸವಾಳದ ಸೊಪ್ಪು, ಈರುಳ್ಳಿ ರಸ... ಸಲಹೆಗಳಿಗೆ ಬರ ಇಲ್ಲ. ಅಮ್ಮ ಕಾಯಿಸಿ ಕಳಿಸಿದ ಎಣ್ಣೆ ನಾನೂ ಹಚ್ಚಿಕೊಂಡೆ, ತಲೆಗೆ ಹಿತ ಅನ್ನಿಸ್ತು. ಆದ್ರೆ ರೆಸ್ಟ್‌ಗೆ ಹೋದ ಕೂದಲನ್ನ ಯಾವ ಎಣ್ಣೆಯೂ ವಾಪಸ್ ಕರೆಯಲ್ಲ. ಮಿನಾಕ್ಸಿಡಿಲ್ ಹಚ್ಚಬೇಕಾ ಬೇಡವಾ ಅಂತ ಚರ್ಮದ ಡಾಕ್ಟರ್ ನಿರ್ಧರಿಸಲಿ. ಮಗು ಪ್ಲಾನ್ ಮಾಡ್ತಿರುವವರು ಅದನ್ನೂ ಅವರಿಗೆ ಹೇಳಿ.

ನನಗೆ ನಿಜಕ್ಕೂ ಸಹಾಯ ಆಗಿದ್ದು ಹೇರ್‌ಕಟ್. ಭುಜದ ತನಕ ಕತ್ತರಿಸಿದ ಮೇಲೆ ಇರೋ ಕೂದಲೇ ದಪ್ಪ ಕಂಡಿತು. ಬಿಗಿಯಾದ ಜುಟ್ಟು, ಸ್ಟ್ರೇಟ್ನಿಂಗ್, ಕಲರಿಂಗ್ ಕೆಲವು ತಿಂಗಳು ಬಿಡಿ. ಬೈತಲೆ ತೆಗೆಯುವ ಜಾಗ ಬದಲಿಸಿ. ತಲೆಸ್ನಾನ ಮಾತ್ರ ನಿಲ್ಲಿಸಬೇಡಿ. ನೀರು ಹಾಕಿದಾಗ ಬರುವುದು ಹೇಗಿದ್ದರೂ ಬರಲಿದ್ದ ಕೂದಲೇ.

ಜನರ ಮಾತು ಬೇರೆ ಕಷ್ಟ. ಮದುವೆ ಮನೆಯಲ್ಲಿ ಒಬ್ಬರು ಆಂಟಿ, "ಸಣ್ಣ ಆದೆ ಸರಿ, ಕೂದ್ಲೆಲ್ಲ ಹೋಯ್ತಲ್ಲಮ್ಮ, ಏನಾದ್ರೂ ಕಾಯಿಲೆನಾ?" ಅಂದ್ರು. "ಇಲ್ಲ ಆಂಟಿ, ಆಪರೇಷನ್ ಆಗಿತ್ತು, ಇನ್ನಾರು ತಿಂಗಳಲ್ಲಿ ಬರುತ್ತೆ" ಅಂದೆ. ಆ ರಾತ್ರಿ ಅತ್ತೆ ಕೂಡ. ಶುಗರ್ ಮಾತ್ರೆ ನಿಂತಿತ್ತು, ಮೂರು ಮಹಡಿ ಏದುಸಿರಿಲ್ಲದೆ ಹತ್ತುತ್ತಿದ್ದೆ, ಆದ್ರೂ ಕನ್ನಡಿಯಲ್ಲಿ ಕಾಣುತ್ತಿದ್ದುದು ಬೈತಲೆ ಮಾತ್ರ. ನಿಮಗೂ ಹಾಗೆ ಅನ್ನಿಸ್ತಿದ್ರೆ ಅದು ಶೋಕಿ ಅಲ್ಲ. ಹೊರಗೆ ಹೋಗೋಕೇ ಮನಸ್ಸಾಗದಷ್ಟು ಬೇಜಾರಿದ್ರೆ ಕೌನ್ಸೆಲರ್ ಹತ್ರ ಮಾತಾಡಿ.

ಇವು ಕಂಡ್ರೆ ಕಾಯಬೇಡಿ

ನಾಣ್ಯದಷ್ಟು ಜಾಗದಲ್ಲಿ ಪೂರ್ತಿ ಕೂದಲು ಹೋಗಿದ್ರೆ, ತಲೆಚರ್ಮ ಕೆಂಪಾಗಿ ಉರಿದ್ರೆ ಚರ್ಮದ ಡಾಕ್ಟರ್ ಹತ್ರ ಹೋಗಿ. ತಿಂದಿದ್ದೆಲ್ಲ ಪದೇಪದೇ ವಾಂತಿ ಆಗ್ತಿದ್ರೆ, ಕಾಲು ಜೋಮು ಹಿಡಿದ್ರೆ, ನಡೆಯುವಾಗ ತೂರಾಡಿದ್ರೆ, ಕಣ್ಣು ಮಂಜಾದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಿಟಮಿನ್ ಬಿ1 ಕೊರತೆ ನರಗಳಿಗೆ ಬೇಗ ಹಾನಿ ಮಾಡುತ್ತೆ. ಕೂದಲು ನಿಧಾನಕ್ಕೆ ಬರಬಹುದು, ನರಕ್ಕೆ ಆದ ಹಾನಿ ಪೂರ್ತಿ ಸರಿಹೋಗುತ್ತೆ ಅಂತ ಹೇಳೋಕಾಗಲ್ಲ.

ಈಗ ಮೊಬೈಲ್ ಕ್ಯಾಲೆಂಡರ್ ತೆಗೆದು ಮೂರು ದಿನ ಗುರುತು ಹಾಕಿ: ಆಪರೇಷನ್ ಆದ ದಿನ, ಉದುರೋಕೆ ಶುರುವಾದ ದಿನ, ಮುಂದಿನ ರಕ್ತ ಪರೀಕ್ಷೆಯ ದಿನ. ಡಾಕ್ಟರ್ ಮೊದಲು ಕೇಳೋದು ಇದನ್ನೇ. ಸರ್ಜರಿ ಮಾಡಿಸಿಕೊಂಡ ಫ್ರೆಂಡ್ ಯಾರಾದ್ರೂ ಇದ್ರೆ ಅವರಿಗೂ ಈ ಎಪಿಸೋಡ್ ಕಳಿಸಿ.